ಹಾಸಿಗೆಯೂ ಸಾಕು, ಕತ್ತಿಯೂ ಸಾಕು: ಎಂಟನೇ ಹೆನ್ರಿಯ ಕಥೆ ತೆಗೆಯುವವರಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಮತ್ತು ಅವನ ಆರು ರಾಣಿಯರ ಮೇಲೆ ಈಗಾಗಲೇ ಸಿನಿಮಾ, ಸೀರಿಯಲ್ ತೆಗೆದಿರುವ, ಮುಂದೆಯೂ ಖಂಡಿತ ತೆಗೆಯಲಿರುವ ನಿರ್ಮಾಪಕರೇ, ನಿರ್ದೇಶಕರೇ, ಎಲ್ಲರಿಗಿಂತ ಮುಖ್ಯವಾಗಿ ಚಿತ್ರಕಥೆ ಬರೆಯುವವರೇ,

ನಮಸ್ಕಾರ.

ನಿಮಗೆ ಕನ್ನಡ ಬರುವುದಿಲ್ಲ, ಗೊತ್ತು. ನಿಮ್ಮ ಕೆಲಸವನ್ನೆಲ್ಲ ನಾವು ಸಬ್‌ಟೈಟಲ್ ಓದಿಕೊಂಡೇ ನೋಡಿದ್ದೇವೆ. ಈ ಒಂದು ಪತ್ರವನ್ನು ನೀವು ಯಾರಿಂದಲಾದರೂ ಓದಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಓದದಿದ್ದರೂ ನಷ್ಟವಿಲ್ಲ. ಇದೇ ಸೀರಿಯಲ್‌ಗಳನ್ನು ರಾತ್ರಿ ಎರಡು ಗಂಟೆವರೆಗೆ ಕೂತು ನೋಡುವ ಕನ್ನಡದವರು ತುಂಬಾ ಜನ ಇದ್ದಾರೆ. ಅವರಾದರೂ ಓದುತ್ತಾರೆ.

ನಮಗೆ ಈ ಹೆನ್ರಿ ಮೊದಲು ಸಿಕ್ಕಿದ್ದು ಹೈಸ್ಕೂಲಿನ ಸಮಾಜ ಪಾಠದಲ್ಲಿ. ಮತ ಸುಧಾರಣೆಯ ಅಧ್ಯಾಯ, ಲೂಥರ್ ಆದಮೇಲೆ ಒಂದು ಸಣ್ಣ ಪ್ಯಾರಾ. ಪೋಪ್ ವಿಚ್ಛೇದನ ಕೊಡಲಿಲ್ಲ, ರಾಜ ತನ್ನದೇ ಚರ್ಚ್ ಮಾಡಿಕೊಂಡ. ಅಷ್ಟು ಬರೆದರೆ ಎರಡು ಮಾರ್ಕ್ಸ್. ಆಮೇಲೆ ನಿಮ್ಮ ಕೃಪೆಯಿಂದ ಅವನು ಮನೆಯ ಟಿವಿಗೇ ಬಂದ.

ಹಲವು ಹೆಂಡಿರ ರಾಜ ನಮ್ಮವರಿಗೆ ಹೊಸಬನಲ್ಲ. ಪಟ್ಟದರಸಿ ಒಬ್ಬಳು, ಅವಳ ಕೆಳಗೆ ಇನ್ನಷ್ಟು ರಾಣಿಯರು, ನಡುವೆ ಸವತಿ ಮತ್ಸರ. ಇದನ್ನು ಪುರಾಣದಲ್ಲಿ ಕೇಳಿ, ಕಂಪನಿ ನಾಟಕದಲ್ಲಿ ನೋಡಿ ಬೆಳೆದವರು ನಾವು. ಹಾಗಾಗಿ ನಿಮ್ಮ ಸೀರಿಯಲ್ ನೋಡುವಾಗ ಮನೆಯ ಹಿರಿಯರಿಗೆ ಬರುವ ಮೊದಲ ಪ್ರಶ್ನೆಯೇ ಇದು: ಇನ್ನೊಂದು ಮದುವೆ ಆಗೋದಕ್ಕೆ ಮೊದಲನೆಯವಳನ್ನ ಯಾಕೆ ಓಡಿಸಬೇಕು? ಒಳ್ಳೆಯ ಪ್ರಶ್ನೆ. ನೀವು ಇದಕ್ಕೆ ಕೊಡುವ ಉತ್ತರ ಮಾತ್ರ ಯಾವಾಗಲೂ ಅರ್ಧಂಬರ್ಧ.

ಹೆನ್ರಿಗೆ ಒಂದು ಹೊತ್ತಿಗೆ ಒಬ್ಬಳೇ ಹೆಂಡತಿ. ಅವನ ಧರ್ಮದಲ್ಲಿ ಬೇರೆ ದಾರಿ ಇರಲಿಲ್ಲ. ಹೊಸಬಳು ಬರಬೇಕೆಂದರೆ ಹಳಬಳು ಸಾಯಬೇಕು, ಇಲ್ಲವೇ ಅವಳು ಹೆಂಡತಿ ಆಗಿಯೇ ಇರಲಿಲ್ಲ ಎಂದು ಕಾನೂನು ಹೇಳಬೇಕು. ಇಸ್ಕೂಲಿನ ಪಾಠ ವಿಚ್ಛೇದನ ಅನ್ನುತ್ತದೆ, ನೀವೂ ಹಾಗೇ ಅನ್ನುತ್ತೀರಿ. ನಡೆದದ್ದು ಮದುವೆಯೇ ಅಸಿಂಧು ಎಂಬ ತೀರ್ಪು. ಅದಕ್ಕೆ ಬೇಕಾದದ್ದು ವಕೀಲರು, ಬಿಷಪ್‌ಗಳು, ಸಾಕ್ಷಿಗಳು, ವಿಶ್ವವಿದ್ಯಾಲಯಗಳ ಅಭಿಪ್ರಾಯ ಪತ್ರ, ಕೊನೆಗೆ ಪಾರ್ಲಿಮೆಂಟಿನ ಕಾಯ್ದೆ. ಅಂದರೆ ಇದು ಅಂತಃಪುರದ ಕಥೆಗಿಂತ ಜಾಸ್ತಿ ಕೋರ್ಟು ಕಚೇರಿಯ ಕಥೆ. ರಾಣಿಯರು ಗೆದ್ದಿದ್ದು, ಸೋತಿದ್ದು, ಬಹುಪಾಲು ಕಾಗದದ ಮೇಲೆ ಮತ್ತು ಮಾತಿನಲ್ಲಿ. ನಿಮ್ಮ ಕ್ಯಾಮೆರಾ ಮಾತ್ರ ಎರಡೇ ಜಾಗ ಬಲ್ಲದು. ಒಂದು ಹಾಸಿಗೆ, ಇನ್ನೊಂದು ಕತ್ತಿ.

ನನ್ನ ತಕರಾರು ಇಷ್ಟೇ. ಇತಿಹಾಸ ತಿರುಚಿದಿರಿ ಎಂದು ಬೊಬ್ಬೆ ಹಾಕುವ ಜಾತಿ ನನ್ನದಲ್ಲ. ನಾಟಕ ಅಂದಮೇಲೆ ಸ್ವಲ್ಪ ಬಣ್ಣ ಇರಲೇಬೇಕು. ಆದರೆ ದಾಖಲೆಯಲ್ಲಿ ಇರುವ ದೃಶ್ಯ ನೀವು ಕಟ್ಟಿದ್ದಕ್ಕಿಂತ ಚೆನ್ನಾಗಿದ್ದಾಗ ಅದನ್ನು ಬಿಟ್ಟು ಕಳಪೆಯದನ್ನು ತರುತ್ತೀರಲ್ಲ, ಅದು ಹೊಟ್ಟೆ ಉರಿಸುತ್ತದೆ.

ಮೊದಲ ಹೆಂಡತಿ, ಅರಗಾನ್‌ನ ಕ್ಯಾಥರೀನ್‌ಳನ್ನೇ ತೆಗೆದುಕೊಳ್ಳಿ. 1509ರ ಜೂನ್‌ನಲ್ಲಿ ಮದುವೆ, 1533ರಲ್ಲಿ ಮದುವೆ ಅಸಿಂಧು ಎಂಬ ತೀರ್ಪು. ಹತ್ತಿರ ಹತ್ತಿರ 24 ವರ್ಷ. ಉಳಿದ ಐದು ಮದುವೆಗಳನ್ನು ಒಟ್ಟು ಸೇರಿಸಿದರೂ ಹನ್ನೊಂದು ವರ್ಷ ತುಂಬುವುದಿಲ್ಲ. ಆದರೂ 1933ರಲ್ಲಿ ಅಲೆಕ್ಸಾಂಡರ್ ಕೋರ್ಡಾ ತೆಗೆದ ಸಿನಿಮಾದಲ್ಲಿ ಈಕೆ ಇಲ್ಲವೇ ಇಲ್ಲ. ಮರ್ಯಾದಸ್ಥ ಹೆಂಗಸು, ಹಾಗಾಗಿ ಅವಳ ಕಥೆಯಲ್ಲಿ ಸ್ವಾರಸ್ಯವಿಲ್ಲ ಎಂಬರ್ಥದ ಒಂದು ಬರಹ ಶುರುವಿನಲ್ಲೇ ತೆರೆಯ ಮೇಲೆ ಬರುತ್ತದೆ. ತಮಾಷೆಗೆ ಬರೆದದ್ದು, ಒಪ್ಪಿದೆ. ಆದರೆ ಆ ತಮಾಷೆಯನ್ನು ನಿಮ್ಮಲ್ಲಿ ಎಷ್ಟೋ ಜನ ನಿಯಮ ಅಂದುಕೊಂಡ ಹಾಗಿದೆ. ನಿಮ್ಮ ಕಥೆ ಸಾಮಾನ್ಯವಾಗಿ ಶುರುವಾಗುವುದೇ ರಾಜನಿಗೆ ಈಕೆ ಬೇಸರವಾದ ಮೇಲೆ. ಕಪ್ಪು ಬಟ್ಟೆ, ಕೈಯಲ್ಲಿ ಜಪಮಣಿ, ವಯಸ್ಸಾದ ಮುಖ. ಸ್ಪೇನಿನವಳು ಅಂದಮೇಲೆ ಕಪ್ಪು ಕೂದಲು ಇರಲೇಬೇಕು ನಿಮಗೆ. ನಿಜವಾಗಿ ಆಕೆಯ ಕೂದಲು ಕೆಂಚು, ಮೈಬಣ್ಣ ಬಿಳುಪು, ಮುತ್ತಜ್ಜಿಯೊಬ್ಬಳು ಇಂಗ್ಲೆಂಡಿನ ಲ್ಯಾಂಕಾಸ್ಟರ್ ಮನೆತನದವಳು.

ಅದಕ್ಕೆ ಮೊದಲಿನ ವರ್ಷಗಳಲ್ಲಿ ಏನಿತ್ತು ಗೊತ್ತಾ? ಗೊತ್ತೇ ಇರುತ್ತದೆ, ನಿಮ್ಮ ಬಳಿ ಸಂಶೋಧಕರ ದಂಡೇ ಇರುತ್ತದೆ. ಇವಳ ಮೊದಲ ಗಂಡ, ಹೆನ್ರಿಯ ಅಣ್ಣ ಆರ್ಥರ್ 1502ರಲ್ಲಿ ತೀರಿಕೊಂಡ ಮೇಲೆ ಈ ಹುಡುಗಿ ಲಂಡನ್‌ನಲ್ಲಿ ಏಳು ವರ್ಷ ಅತಂತ್ರವಾಗಿ ಉಳಿದಳು. ಇತ್ತ ಮಾವ ದುಡ್ಡು ಕೊಡುವುದಿಲ್ಲ, ಅತ್ತ ಅಪ್ಪನೂ ಕೊಡುವುದಿಲ್ಲ. ಉಡಲು ಬಟ್ಟೆಯಿಲ್ಲದೆ ಬಳೆ ಮಾರಿ ಕಪ್ಪು ವೆಲ್ವೆಟ್ಟಿನ ಒಂದು ಉಡುಪು ಹೊಲಿಸಿಕೊಂಡೆ ಎಂದು ಅಪ್ಪನಿಗೆ ಬರೆದಿದ್ದಾಳೆ. ರಾಜಕುಮಾರಿ ಬಳೆ ಮಾರುತ್ತಾಳೆ! ಇಂಥ ದೃಶ್ಯ ಸಿಕ್ಕಿದ್ದರೆ ನಮ್ಮ ಸೀರಿಯಲ್‌ನವರು ಮೂರು ವಾರ ಎಳೆಯುತ್ತಿದ್ದರು. 1507ರಲ್ಲಿ ಅದೇ ಅಪ್ಪ ಫರ್ಡಿನಾಂಡ್ ಆಕೆಯನ್ನು ತನ್ನ ರಾಯಭಾರಿಯಾಗಿ ನೇಮಿಸಿದ. ಇಪ್ಪತ್ತೊಂದು ವರ್ಷದ ವಿಧವೆ ಹಣವಿಲ್ಲದೆ, ಬೆಂಬಲವಿಲ್ಲದೆ, ಮಾವ ಏಳನೇ ಹೆನ್ರಿಯಂಥ ಜಿಪುಣನ ಎದುರು ಕೂತು ಇನ್ನೊಂದು ದೇಶದ ಪರವಾಗಿ ವ್ಯವಹಾರ ಮಾಡುತ್ತಾಳೆ.

1513ರಲ್ಲಿ ಗಂಡ ಫ್ರಾನ್ಸಿಗೆ ಯುದ್ಧಕ್ಕೆ ಹೋದಾಗ ರಾಜ್ಯಭಾರ ಇವಳ ಕೈಗೆ ಬಂತು. ಇತ್ತ ಸ್ಕಾಟ್ಲೆಂಡಿನ ರಾಜ ನಾಲ್ಕನೇ ಜೇಮ್ಸ್ ದಂಡು ಕಟ್ಟಿಕೊಂಡು ಗಡಿ ದಾಟಿದ. ಧ್ವಜ, ಬಾವುಟ, ಬ್ಯಾಡ್ಜು ಮಾಡಿಸುವುದರಲ್ಲಿ ಭಯಂಕರ ಬಿಜಿಯಾಗಿದ್ದೇನೆ ಎಂದು ಆಗಸ್ಟ್‌ನಲ್ಲಿ ರಾಜನ ಆಪ್ತ ಅಧಿಕಾರಿ ವೂಲ್ಸಿಗೆ ಬರೆಯುತ್ತಾಳೆ. ಸೆಪ್ಟೆಂಬರ್ 9ರಂದು ಫ್ಲಾಡೆನ್‌ನಲ್ಲಿ ಎಪ್ಪತ್ತು ವರ್ಷದ ಸರ್ರೆ ದೊರೆಯ ಸೇನೆ ಜೇಮ್ಸ್‌ನನ್ನು ಕೊಂದಿತು. ಕ್ಯಾಥರೀನ್ ಆಗ ನೂರಾರು ಮೈಲಿ ದೂರದಲ್ಲಿ, ಇನ್ನೊಂದು ಪಡೆ ಜೊತೆಗಿಟ್ಟುಕೊಂಡು ಉತ್ತರಕ್ಕೆ ಹೊರಟಿದ್ದಳು. ಸತ್ತ ರಾಜನ ಕೋಟನ್ನು ಗಂಡನಿಗೆ ಕಳಿಸಿದಳು, ಅದನ್ನು ನಿಮ್ಮ ಧ್ವಜಕ್ಕೆ ಬಳಸಿಕೊಳ್ಳಿ ಎಂದು. ಅವನ ಹೆಣವನ್ನೇ ಕಳಿಸೋಣವೆಂದಿದ್ದೆ, ನಮ್ಮ ಇಂಗ್ಲಿಷರ ಮನಸ್ಸು ಒಪ್ಪಲಿಲ್ಲ ಎಂದು ಪತ್ರದಲ್ಲಿ ಸೇರಿಸಿದಳು. ಸತ್ತವನು ಯಾರು ಅಂದುಕೊಂಡಿರಿ? ಅವಳ ಸ್ವಂತ ನಾದಿನಿಯ ಗಂಡ! ಹೆನ್ರಿ ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಒಂದೆರಡು ಊರು ಗೆದ್ದು ಬೀಗುತ್ತಿದ್ದ. ಹೆಂಡತಿ ಒಬ್ಬ ರಾಜನನ್ನೇ ಮುಗಿಸಿದ ಸುದ್ದಿ ಅವನ ಕೈಗೆ ಕೋಟಿನ ಸಮೇತ ಬರುತ್ತದೆ. ಅವನ ಮುಖ ಹೇಗಿತ್ತು ಎಂದು ನನಗೆ ನೋಡಬೇಕು.

ನೀವು ಏನು ಮಾಡಿದಿರಿ? 2019ರಲ್ಲಿ ಶುರುವಾದ 'ದ ಸ್ಪ್ಯಾನಿಷ್ ಪ್ರಿನ್ಸೆಸ್' ಕೊನೆಗೂ ಇವಳನ್ನು ನಾಯಕಿ ಮಾಡಿತು. ಖುಷಿಪಟ್ಟೆವು. ಫ್ಲಾಡೆನ್ ಬರುವ ಹೊತ್ತಿಗೆ ಬಸುರಿ ರಾಣಿಗೆ ಕಬ್ಬಿಣದ ಕವಚ ತೊಡಿಸಿ ರಣರಂಗಕ್ಕೇ ಇಳಿಸಿಬಿಟ್ಟಿರಿ. ಕತ್ತಿ ಹಿಡಿದ ರಾಣಿ ಅಂದರೆ ನಮಗೂ ಪ್ರಾಣ ಸ್ವಾಮಿ. 1824ರಲ್ಲಿ ಕಿತ್ತೂರು ಚೆನ್ನಮ್ಮ ಕಂಪನಿ ಸೈನ್ಯವನ್ನು ಎದುರಿಸಿದ ನಾಡಿನವರು ನಾವು. ಆದರೆ ಚೆನ್ನಮ್ಮನ ವಿಷಯದಲ್ಲಿ ಅದು ನಿಜವಾಗಿ ನಡೆದದ್ದು. ಕ್ಯಾಥರೀನ್‌ಳ ಬಲ ಇದ್ದದ್ದು ದಂಡಿಗೆ ಸಾಮಾನು ಹೊಂದಿಸುವುದರಲ್ಲಿ, ಆಜ್ಞೆ ಹೊರಡಿಸುವುದರಲ್ಲಿ, ಆ ಚುಚ್ಚುವ ಪತ್ರದಲ್ಲಿ. ಅದನ್ನು ತೋರಿಸಿದ್ದರೆ ಯಾರೂ ಚಾನೆಲ್ ಬದಲಿಸುತ್ತಿರಲಿಲ್ಲ.

ನನ್ನ ಮಾತಿಗೆ ನಿಮ್ಮ ಕೆಲಸದಲ್ಲೇ ಸಾಕ್ಷಿ ಇದೆ. 1529ರ ಜೂನ್ 21, ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ ಈ ಮದುವೆಯ ವಿಚಾರಣೆ. ಕ್ಯಾಥರೀನ್ ತುಂಬಿದ ಸಭೆಯಲ್ಲಿ ರಾಜನ ಎದುರು ಮಂಡಿಯೂರಿ, ನಾನು ನಿಮಗೆ ಏನು ತಪ್ಪು ಮಾಡಿದೆ ಎಂದು ಕೇಳುತ್ತಾಳೆ. ಉತ್ತರಕ್ಕೆ ಕಾಯದೆ ಎದ್ದು ಹೊರಡುತ್ತಾಳೆ. ಕೋರ್ಟಿನ ಜವಾನ ಮತ್ತೆ ಮತ್ತೆ ಹೆಸರು ಕೂಗಿದರೂ ತಿರುಗಿ ನೋಡುವುದಿಲ್ಲ. ಇದು ನಿಮ್ಮ ಕಲ್ಪನೆಯಲ್ಲ. ವೂಲ್ಸಿಯ ಮನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ಕ್ಯಾವೆಂಡಿಷ್ ಬರೆದಿಟ್ಟದ್ದು. 1970ರಲ್ಲಿ ಬಿಬಿಸಿಗೆ ಆನೆಟ್ ಕ್ರಾಸ್ಬಿ ಕ್ಯಾಥರೀನ್ ಆದರು, 2007ರಲ್ಲಿ 'ದ ಟ್ಯೂಡರ್ಸ್'ಗೆ ಮರಿಯಾ ಡಾಯ್ಲ್ ಕೆನಡಿ ಆದರು. ಇಬ್ಬರ ಅಭಿನಯದಲ್ಲೂ ಜನರ ನೆನಪಲ್ಲಿ ಉಳಿದಿರುವುದು ಬಟ್ಟೆ ಬಿಚ್ಚದ, ರಕ್ತ ಹರಿಯದ ಈ ಪಾತ್ರದ ಗಟ್ಟಿತನವೇ. ಇಷ್ಟಾದರೂ ನಿಮಗೆ ಧೈರ್ಯ ಬರಲಿಲ್ಲ!

ಎರಡನೇ ರಾಣಿ ಆನ್ ಬೊಲಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರು ಜನರಲ್ಲಿ ನಿಮಗೆ ಅತಿ ಪ್ರೀತಿಯವಳು ಅವಳೇ, ಅವಳ ಪಾಲು ಅವಳಿಗೆ ಸಿಕ್ಕಿದೆ. ಒಂದೇ ಮಾತು. ಅವಳ ಮೇಲಿನ ಹಾದರದ ಆರೋಪಪಟ್ಟಿಯನ್ನು ಯಾರೂ ತೆರೆಯ ಮೇಲೆ ಸರಿಯಾಗಿ ಬಿಚ್ಚಿ ಓದಿಲ್ಲ. ಐವರು ಗಂಡಸರ ಜೊತೆ, ಇಂಥ ದಿನ, ಇಂಥ ಜಾಗದಲ್ಲಿ ಎಂದು ಪಟ್ಟಿ ಇದೆ. ಆ ತಾರೀಖುಗಳಲ್ಲಿ ಬಹುಪಾಲು ನಡೆದಿರಲು ಸಾಧ್ಯವೇ ಇಲ್ಲ. ಒಂದು ಕಡೆ 1533ರ ಅಕ್ಟೋಬರ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಎಂದಿದೆ. ಸೆಪ್ಟೆಂಬರ್ 7ಕ್ಕೆ ಮಗಳು ಎಲಿಜಬೆತ್ ಹುಟ್ಟಿದ್ದಳು, ಬಾಣಂತಿ ಇನ್ನೂ ಗ್ರೀನಿಚ್‌ನಲ್ಲೇ ಇದ್ದಳು. ಬಾಣಂತನದ ಕೋಣೆಯಲ್ಲಿ ಮಲಗಿದ್ದ ಹೆಂಗಸಿನ ಮೇಲೆ ಬೇರೆ ಅರಮನೆಯಲ್ಲಿ ಹಾದರ ಮಾಡಿದಳೆಂಬ ಕೇಸು! ನಮ್ಮ ಊರಿನ ಯಾವ ಅಜ್ಜಿಗೆ ತೋರಿಸಿದರೂ ಇದು ಸುಳ್ಳು ಕೇಸು ಎಂದು ಒಂದೇ ನಿಮಿಷದಲ್ಲಿ ಹೇಳಿಯಾಳು. ಇದನ್ನು ಬಿಟ್ಟು ನೀವು ಮತ್ತೆ ಮತ್ತೆ ಅವಳ ತಲೆ ಕಡಿದ ಆ ಫ್ರೆಂಚ್ ಕತ್ತಿಯನ್ನೇ ತೋರಿಸುತ್ತೀರಿ.

ನಡುವೆ ಒಂದು ಮಾತು. 2021ರಲ್ಲಿ ಜೋಡಿ ಟರ್ನರ್-ಸ್ಮಿತ್ ಎಂಬ ಕಪ್ಪು ನಟಿ ಆನ್ ಪಾತ್ರ ಮಾಡಿದಾಗ ನಿಮ್ಮಲ್ಲಿ ಕೆಲವರು ಗಲಾಟೆ ಎಬ್ಬಿಸಿದರು. ಅದೇ 1933ರ ಸಿನಿಮಾದಲ್ಲಿ ಆನ್ ಆಗಿದ್ದವರು ಮೆರ್ಲ್ ಒಬೆರಾನ್. ಆಕೆ ಹುಟ್ಟಿದ್ದು ಬಾಂಬೆಯಲ್ಲಿ, ಬೆಳೆದದ್ದು ಕಲ್ಕತ್ತೆಯಲ್ಲಿ, ಮಿಶ್ರ ಮೂಲದವರು. ಗೊತ್ತಾದರೆ ಅವಕಾಶ ತಪ್ಪುತ್ತದೆಂದು ಟಾಸ್ಮೇನಿಯಾದವಳು ಎಂದು ಬದುಕಿಡೀ ಹೇಳಿಕೊಳ್ಳಬೇಕಾಯಿತು. ನಿಜ ಜನರಿಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಹಾಗಾಗಿ ತೆರೆಯ ಮೇಲಿನ ಆನ್ ಬೊಲಿನ್ ಬಿಳಿಯಳೇ ಆಗಿರಬೇಕು ಎನ್ನುವವರಿಗೆ ಸುಮ್ನೆ ಇದನ್ನು ನೆನಪಿಸಿ.

ಮೂರನೆಯವಳು ಜೇನ್ ಸೀಮೋರ್ ನಿಮ್ಮಲ್ಲಿ ಬಾಯಿಲ್ಲದ ಹಸು. ಆದರೆ 1536ರಲ್ಲಿ ಮಠಗಳನ್ನು ಮುಚ್ಚಿದ್ದಕ್ಕೆ ಉತ್ತರದ ಜನ ದಂಗೆಯೆದ್ದಾಗ ರಾಜನ ಕಾಲಿಗೆ ಬಿದ್ದು ಮಠಗಳನ್ನು ಉಳಿಸಿ ಎಂದು ಕೇಳಿದವಳು ಅವಳೇ. ರಾಜಕಾರ್ಯದಲ್ಲಿ ತಲೆಹಾಕಿದ್ದಕ್ಕೇ ಹಿಂದಿನ ರಾಣಿ ಸತ್ತದ್ದು, ನೆನಪಿರಲಿ ಎಂದು ಅವನು ಗದರಿಸಿದನೆಂದು ಆಗಿನ ವರದಿ ಹೇಳುತ್ತದೆ. ಮದುವೆಯಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ.

ಕ್ಲೀವ್ಸ್‌ನ ಆನ್ ಬಂದರೆ ನೀವು ನಗುತ್ತೀರಿ. ಎಲ್ಸಾ ಲ್ಯಾಂಚೆಸ್ಟರ್ 1933ರಲ್ಲಿ ಮುಖ ಸೊಟ್ಟ ಮಾಡಿ, ಮೊದಲ ರಾತ್ರಿ ಇಸ್ಪೀಟು ಆಡಿ ನಗಿಸಿದ್ದು ಚೆನ್ನಾಗಿಯೇ ಇತ್ತು, ನಾನೂ ನಕ್ಕಿದ್ದೇನೆ. ಆದರೆ 'ಫ್ಲಾಂಡರ್ಸ್ ಕುದುರೆ' ಎಂದು ರಾಜ ಬೈದ ಎಂಬ ಮಾತು ಕಾಣಿಸಿಕೊಂಡದ್ದು ನೂರಕ್ಕೂ ಹೆಚ್ಚು ವರ್ಷದ ನಂತರ. ನಿಜವಾಗಿ ನಗು ಬರಬೇಕಾದ್ದು ರಾಜನ ಮೇಲೆ. 1540ರ ಜನವರಿ 1, ರಾಚೆಸ್ಟರ್. ನಲವತ್ತೆಂಟು ವರ್ಷದ, ಕಾಲಿನಲ್ಲಿ ವಾಸಿಯಾಗದ ಹುಣ್ಣಿರುವ ರಾಜ ಪ್ರೇಮಿಯ ಹಾಗೆ ವೇಷ ಮರೆಸಿಕೊಂಡು ಮದುಮಗಳ ಕೋಣೆಗೆ ನುಗ್ಗುತ್ತಾನೆ. ನಿಜವಾದ ಪ್ರೀತಿ ಇದ್ದರೆ ಅವಳು ಗುರುತು ಹಿಡಿಯಬೇಕಂತೆ. ಅವಳು ಕಿಟಕಿಯಲ್ಲಿ ಗೂಳಿ ಕಾಳಗ ನೋಡುತ್ತಿದ್ದಳು. ಯಾರೋ ದಡೂತಿ ಅಪರಿಚಿತ ಬಂದು ತಬ್ಬಿಕೊಂಡ, ಅವಳು ಮುಖ ತಿರುಗಿಸಿ ಮತ್ತೆ ಕಿಟಕಿ ನೋಡಿದಳು. ಅವನಿಗೆ ಅವಮಾನವಾಯಿತು, ಅದಾದ ಮೇಲೆ ಅವಳು ಕುರೂಪಿಯಾದಳು. ಆರು ತಿಂಗಳಲ್ಲಿ ಮದುವೆ ಅಸಿಂಧು. ಅವಳು ಜಗಳವಾಡದೆ ಸಹಿ ಹಾಕಿ ರಿಚ್ಮಂಡ್ ಅರಮನೆ, ಹೀವರ್ ಕೋಟೆ, 'ರಾಜನ ತಂಗಿ' ಎಂಬ ಸ್ಥಾನ ಎಲ್ಲ ಪಡೆದುಕೊಂಡಳು. ಆರು ರಾಣಿಯರಲ್ಲಿ ಕೊನೆಯಲ್ಲಿ ತೀರಿಕೊಂಡವಳೂ ಅವಳೇ, 1557ರಲ್ಲಿ. ಹೀವರ್ ಯಾರ ತವರುಮನೆ ಗೊತ್ತಲ್ಲ? ಆನ್ ಬೊಲಿನ್‌ಳದ್ದು. ತಲೆ ಕಳೆದುಕೊಂಡವಳ ಮನೆಯ ಕೀಲಿಕೈ ತಲೆ ಉಳಿಸಿಕೊಂಡವಳಿಗೆ. ಇದನ್ನು ಒಂದೇ ಒಂದು ಎಪಿಸೋಡ್ ಮಾಡಿ, ನೋಡೋಣ.

ಐದನೆಯವಳು ಕ್ಯಾಥರೀನ್ ಹೊವರ್ಡ್ ವಿಷಯದಲ್ಲಿ ನಿಮ್ಮ ಮೇಲೆ ನನಗೆ ನಿಜವಾದ ಸಿಟ್ಟಿದೆ. ಆ ಹುಡುಗಿ ಹದಿಹರೆಯದವಳು, ಗಂಡನಿಗೆ ನಲವತ್ತೊಂಬತ್ತು. ಇನ್ನೂ ಬಾಲೆಯಾಗಿದ್ದಾಗ ಸಂಗೀತದ ಮೇಷ್ಟ್ರೇ ಕೈಹಾಕಿದ್ದ. ಅದೆಲ್ಲ ವಿಚಾರಣೆಯ ದಾಖಲೆಯಲ್ಲಿದೆ. ನಿಮ್ಮ ಕೈಯಲ್ಲಿ ಅವಳು ಚೆಲ್ಲು ಹುಡುಗಿ, ಕ್ಯಾಮೆರಾಗೆ ಹಬ್ಬ. ಅವಳ ಪ್ರಿಯಕರನೆನ್ನಲಾದ ಕಲ್‌ಪೆಪರ್‌ನ ಹೆಂಡತಿಯಾಗಿ ಸಾಯುವುದೇ ಮೇಲಿತ್ತು ಎಂದು ಅವಳ ಬಾಯಲ್ಲಿ ಹೇಳಿಸುತ್ತೀರಿ. ಅವಳ ತಲೆ ಕಡಿದ ದಿನ ಅಲ್ಲೇ ನಿಂತು ನೋಡಿದ ಲಂಡನ್ನಿನ ವ್ಯಾಪಾರಿಯೊಬ್ಬ ಸಹೋದರನಿಗೆ ಬರೆದ ಕಾಗದ ಉಳಿದಿದೆ. ಅದರಲ್ಲಿ ಆ ಮಾತಿಲ್ಲ. ಅವಳ ಜೊತೆ ಅದೇ ದಿನ ಸತ್ತ ಅವಳ ಸಖಿ ಲೇಡಿ ರೋಚ್‌ಫರ್ಡ್‌ಗೆ ಸೆರೆಯಲ್ಲಿ ತಲೆ ಕೆಟ್ಟಿತ್ತು. ಹುಚ್ಚರನ್ನು ಕೊಲ್ಲುವ ಹಾಗಿರಲಿಲ್ಲವಾದ್ದರಿಂದ ಹೆನ್ರಿ ಅದಕ್ಕೆಂದೇ ಹೊಸ ಕಾಯ್ದೆ ಮಾಡಿಸಿದ. ಇಲ್ಲಿಯೂ ಕಾಗದವೇ, ನೋಡಿ.

ಅದೇ ಹೊತ್ತಿಗೆ ನಿಮ್ಮ ರಾಜ ಹೇಗಿರುತ್ತಾನೆ? 'ದ ಟ್ಯೂಡರ್ಸ್'ನಲ್ಲಿ ಜೊನಾಥನ್ ರೀಸ್ ಮೇಯರ್ಸ್ ನಾಲ್ಕು ಸೀಸನ್ ಕಳೆದರೂ ಸಣಕಲು ಸುಂದರಾಂಗ. 1540ರ ಕವಚದಲ್ಲಿ ಹೆನ್ರಿಯ ಸೊಂಟ ಐವತ್ತು ಇಂಚು ದಾಟಿದೆ. ರಾಜನನ್ನು ತೆಳ್ಳಗೆ ಇಟ್ಟರೆ ಆ ಹುಡುಗಿಯ ಕಷ್ಟವೂ ತೆಳ್ಳಗಾಗುತ್ತದೆ. ಅದರ ಇನ್ನೊಂದು ತುದಿ ಚಾರ್ಲ್ಸ್ ಲಾಟನ್. 1933ರಲ್ಲಿ ಅವರು ಕೋಳಿ ಹರಿದು ಮೂಳೆ ಎಸೆದು ಆಸ್ಕರ್ ಗೆದ್ದರು, ಅಂದಿನಿಂದ ಹೆನ್ರಿ ಅಂದರೆ ಮೂಳೆ ಎಸೆಯುವವನು. ಆಸ್ಥಾನದ ಊಟಕ್ಕೆ ನಮ್ಮ ಮಠದ ಪಂಕ್ತಿಗಿಂತ ಬಿಗಿಯಾದ ನಿಯಮಗಳಿದ್ದವು. ಇದ್ದುದರಲ್ಲಿ 1970ರ ಕೀತ್ ಮಿಷೆಲ್ ಒಬ್ಬರೇ ಆರು ನಾಟಕಗಳಲ್ಲಿ ಕಂತು ಕಂತಾಗಿ ಊದುತ್ತಾ, ಕುಂಟುತ್ತಾ, ಹದಗೆಡುತ್ತಾ ಹೋದವರು. ಆ ಬಿಬಿಸಿ ಸರಣಿಯಲ್ಲಿ ಒಬ್ಬೊಬ್ಬ ರಾಣಿಗೆ ತೊಂಬತ್ತು ನಿಮಿಷದ ಒಂದೊಂದು ನಾಟಕ. ದುಡ್ಡು ಕಡಿಮೆ, ಸ್ಟುಡಿಯೊದ ಗೋಡೆ ಗೋಡೆಯ ಹಾಗೇ ಕಾಣುತ್ತದೆ. ಆದರೂ ಅದಕ್ಕಿಂತ ಚೆನ್ನಾಗಿ ನೀವು ಇನ್ನೂ ಮಾಡಿಲ್ಲ ಎಂದೇ ನನ್ನ ಅಭಿಪ್ರಾಯ. 'ವುಲ್ಫ್ ಹಾಲ್' ಸೀರಿಯಲ್ ಬೇರೆ ಜಾತಿ. ಅದು ಕಾಗದ ಪತ್ರ ಬಲ್ಲ, ಹೆನ್ರಿಯ ಮಂತ್ರಿ ಕ್ರಾಮ್‌ವೆಲ್‌ನ ಕಥೆ. ಮಾತಿನ ಕಾಳಗವನ್ನೇ ನಂಬಿ ಗೆದ್ದದ್ದು. ಅದೇ ನಂಬಿಕೆಯನ್ನು ಒಬ್ಬ ರಾಣಿಯ ಮೇಲೆ ಇಡಿ ಎಂದಷ್ಟೇ ನಾನು ಕೇಳುತ್ತಿರುವುದು.

ಕೊನೆಯವಳು ಕ್ಯಾಥರೀನ್ ಪಾರ್. (2023ರ 'ಫೈರ್‌ಬ್ರ್ಯಾಂಡ್' ನೋಡದವರು ಈ ಪ್ಯಾರಾ ಬಿಟ್ಟುಬಿಡಿ.) ಹೆನ್ರಿ 1544ರಲ್ಲಿ ಮತ್ತೆ ಫ್ರಾನ್ಸಿಗೆ ಹೋದಾಗ ರಾಜ್ಯ ನೋಡಿಕೊಂಡವಳು ಈಕೆ. 1545ರಲ್ಲಿ ತನ್ನ ಹೆಸರು ಹಾಕಿ ಇಂಗ್ಲಿಷಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ ಮೊದಲ ಇಂಗ್ಲೆಂಡಿನ ರಾಣಿ. ನಿಮ್ಮ ಸಿನಿಮಾದಲ್ಲಿ ಅಲಿಸಿಯಾ ವಿಕಾಂಡರ್ ಕೊನೆಗೆ ಜೂಡ್ ಲಾನ ಹೆನ್ರಿಯನ್ನು ಕೈಯಾರೆ ಕೊಲ್ಲುತ್ತಾರೆ. ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಜಾನ್ ಫಾಕ್ಸ್ ಬರೆದಿಟ್ಟ ಕಥೆ ಕೇಳಿ. 1546ರಲ್ಲಿ ಆಕೆಯ ಧಾರ್ಮಿಕ ವಿಚಾರಗಳೇ ನೆಪವಾಗಿ ಬಂಧನಕ್ಕೆ ರಾಜ ಸಹಿ ಹಾಕುತ್ತಾನೆ. ಆ ಕಾಗದ ಯಾರದೋ ಕೈಯಿಂದ ಜಾರಿ ಅವಳಿಗೆ ಸಿಗುತ್ತದೆ. ಅವಳು ಹೆದರಿ ಹಾಸಿಗೆ ಹಿಡಿಯುತ್ತಾಳೆ. ಆಮೇಲೆ ಸುಧಾರಿಸಿಕೊಂಡು ರಾಜನ ಕೋಣೆಗೆ ತಾನೇ ಹೋಗುತ್ತಾಳೆ. ನಾನು ನಿಮ್ಮ ಜೊತೆ ವಾದಿಸಿದ್ದು ನಿಮಗೆ ಕಾಲುನೋವು ಮರೆಯಲಿ ಅಂತ, ನಿಮ್ಮಿಂದ ನಾಲ್ಕು ಮಾತು ಕಲಿಯೋಣ ಅಂತ ಎನ್ನುತ್ತಾಳೆ. ಅವನು ಕರಗುತ್ತಾನೆ. ಮರುದಿನ ತೋಟದಲ್ಲಿ ಇಬ್ಬರೂ ಕೂತಿರುವಾಗ, ವಿಷಯ ತಿಳಿಯದ ಮಂತ್ರಿ ರಿಯೊಥೆಸ್ಲಿ ನಲವತ್ತು ಭಟರ ಜೊತೆ ಹಿಡಿಯಲು ಬರುತ್ತಾನೆ. ರಾಜ ಅವನನ್ನೇ ಮೃಗ, ಮೂರ್ಖ ಎಂದು ಬೈದು ಅಟ್ಟುತ್ತಾನೆ. ಅವನ ಮೇಲೆ ಯಾಕೋ ಸಿಟ್ಟಾಗಿದ್ದೀರಿ, ಪಾಪ, ಅವನ ಪರವಾಗಿ ನಾನು ಕೇಳಿಕೊಳ್ಳಲೇ ಎಂದು ರಾಣಿ ಏನೂ ಗೊತ್ತಿಲ್ಲದವಳ ಹಾಗೆ ವಿಚಾರಿಸುತ್ತಾಳೆ!

ಕುತ್ತಿಗೆ ಹಿಸುಕುವುದಕ್ಕಿಂತ ಇದು ಎಷ್ಟು ಮೇಲು, ನೀವೇ ಹೇಳಿ.

ಮುಂದಿನ ಸಲ ದಯವಿಟ್ಟು ಹೀಗೆ ಮಾಡಿ. ಒಂಬತ್ತು ಎಪಿಸೋಡ್ ಇದ್ದರೆ ಐದನ್ನು ಮೊದಲ ಕ್ಯಾಥರೀನ್‌ಗೆ ಕೊಡಿ. ಶುರುವಿನ ದೃಶ್ಯದಲ್ಲಿ ಅಕ್ಕಸಾಲಿಗನ ಎದುರು ಅವಳು ಬಳೆ ಬಿಚ್ಚಿ ತೂಗಿಸುತ್ತಿರಲಿ. ರಾಜ ಅಷ್ಟು ಹೊತ್ತಿಗೆ ಇನ್ನೂ ಮೀಸೆ ಮೂಡದ ಹುಡುಗ, ಅವನು ಎರಡನೇ ಎಪಿಸೋಡಿಗೆ ಬಂದರೆ ಸಾಕು. ಕವಚದ ದುಡ್ಡು ಉಳಿಯುತ್ತದೆ. ಅದನ್ನು ಒಳ್ಳೆಯ ಸಂಭಾಷಣೆ ಬರೆಯುವವರಿಗೆ ಕೊಡಿ. ಹಾಗೇ ಕನ್ನಡ ಸಬ್‌ಟೈಟಲ್ ಕೂಡ ಹಾಕಿಸಿ. ಈವರೆಗೆ ನಿಮ್ಮ ರಾಜನ ಕಥೆಯನ್ನು ಇಂಗ್ಲಿಷಿನ ಸಬ್‌ಟೈಟಲ್‌ನಲ್ಲೇ ಓದಿಕೊಂಡು ಅಮ್ಮಂದಿರಿಗೆ ಬಾಯಲ್ಲಿ ಹೇಳಿ ಹೇಳಿ ನಮಗೆ ಸಾಕಾಗಿದೆ.

ಇಂತಿ,
ನಿಮ್ಮ ಎಲ್ಲ ಸೀರಿಯಲ್ ನೋಡಿ ಮುಗಿಸಿರುವ ಒಬ್ಬ ಕನ್ನಡತಿ